ಅರಿಶಿನದ ಪತ್ರಕ್ಕೆ ಹನ್ನೊಂದು ಅಂಕ

ನನ್ನ ಅಪ್ಪ ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರರಾಗಿದ್ದರು. ಊರವರು ಅವರಿಗೆ ಹೆದರುತ್ತಿದ್ದುದು ಬೆತ್ತಕ್ಕಲ್ಲ, ಕೆಂಪು ಶಾಯಿಯ ಪೆನ್ನಿಗೆ. ಅಂಗಡಿಯ ರಸೀದಿ, ಮದುವೆಯ ಆಮಂತ್ರಣ, ಟಾಕೀಸಿನವರು ಹಂಚಿದ ಕರಪತ್ರ, ಯಾವುದರಲ್ಲಿ ನಾಲ್ಕು ಸಾಲು ಇಂಗ್ಲಿಷ್ ಕಂಡರೂ ಅವರ ಕೈ ಅಂಗಿಯ ಜೇಬಿಗೆ ಹೋಗುತ್ತಿತ್ತು. ಹತ್ತಿ ವ್ಯಾಪಾರಿಯೊಬ್ಬರು ಮುಂಬೈಗೆ ಬರೆದ ಪತ್ರವನ್ನು “ಒಂದ್ಸಲ ಕಣ್ಣಾಡಸ್ರಿ ಮಾಸ್ತರ” ಎಂದು ತಂದವರು, ತಮ್ಮದೊಂದು ಶಬ್ದವೂ ಉಳಿಯದ ಕಾಗದವನ್ನು ಹಿಡಿದುಕೊಂಡು ಮರಳಿದ್ದರು. ಮುಂದೆ ಆ ಮನುಷ್ಯ ನಮ್ಮ ಓಣಿಯಲ್ಲಿ ಕಾಣಿಸಲೇ ಇಲ್ಲ.

ಧಾರವಾಡದ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುವಾಗ ನಾನು ವಾರಕ್ಕೊಂದು ಪತ್ರವನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂದು ಅಪ್ಪನ ಕಟ್ಟಪ್ಪಣೆ. ಉತ್ತರವೆಂದು ಬರುತ್ತಿದ್ದುದು ನನ್ನದೇ ಪತ್ರ. ತಪ್ಪಿನ ಕೆಳಗೆ ಕೆಂಪು ಗೀರು, ಅಂಚಿನಲ್ಲಿ ಸರಿಯಾದ ರೂಪ, ಕೊನೆಯಲ್ಲಿ ಇಪ್ಪತ್ತಕ್ಕೆ ಇಷ್ಟು ಎಂದು ಅಂಕ, ಅದರಡಿ ಸಣ್ಣ ಸಹಿ, ತಾರೀಖು. ಜ್ವರ ಬಂದು ಮಲಗಿದ್ದೇನೆ ಎಂದು ಬರೆದ ಪತ್ರಕ್ಕೂ ಹದಿಮೂರು ಅಂಕ ಬಂದಿತ್ತು. ಜ್ವರ ಇಳಿಯಿತೇ ಎಂದು ಅವ್ವ ಬೇರೊಂದು ಚೀಟಿಯಲ್ಲಿ ಕೇಳಿದ್ದಳು. ಸಿಟ್ಟಿನಿಂದ ಅವನ್ನೆಲ್ಲ ಟ್ರಂಕಿನ ತಳಕ್ಕೆ ಒಗೆಯುತ್ತಿದ್ದೆ. ಇಂಥ ಅಪ್ಪ ವೈರಿಗೂ ಬೇಡ ಎಂದು ಗೆಳತಿಯರ ಮುಂದೆ ಹೇಳಿದ್ದೂ ಉಂಟು.

ಓದು ಮುಗಿಸಿ ಮನೆಗೆ ಬಂದಾಗ ನನಗೆ ಇಪ್ಪತ್ತೊಂದು. ಎರಡು ವರ್ಷದಲ್ಲಿ ಎರಡು ಸಂಬಂಧ ಮುರಿದವು, ಎರಡೂ ಅಪ್ಪನ ನಾಲಿಗೆಯಿಂದಲೇ. ಮೊದಲನೆಯ ವರ ತನಗೆಷ್ಟು ಜನ ಅಣ್ಣತಮ್ಮಂದಿರು ಎಂದು ಇಂಗ್ಲಿಷಿನಲ್ಲಿ ಹೇಳಹೋದಾಗ, “ಆ ವಾಕ್ಯ ಇನ್ನೊಮ್ಮೆ ಸರಿಯಾಗಿ ಹೇಳ್ರಿ” ಎಂದುಬಿಟ್ಟರು. ಎರಡನೆಯವರು ಹುಡುಗನ ನಡತೆಯ ಸರ್ಟಿಫಿಕೇಟು ತೋರಿಸಿದರೆ, ಅದನ್ನು ಬರೆದ ಪ್ರಿನ್ಸಿಪಾಲರ ಇಂಗ್ಲಿಷಿನ ಮೇಲೆ ಅರ್ಧ ತಾಸು ಪಾಠ ಮಾಡಿದರು. ಹುಡುಗನ ನಡತೆ ಹೇಗಿತ್ತೋ ನಮಗೆ ತಿಳಿಯಲಿಲ್ಲ. ಬಳಗದಲ್ಲಿ ‘ಆ ಮಾಸ್ತರನ ಮನಿಗೆ ಹೆಣ್ಣ ನೋಡಾಕಲ್ಲ, ಪರೀಕ್ಷಾಕ್ಕ ಹೋಗಬೇಕು’ ಎಂಬ ಮಾತು ಹುಟ್ಟಿತು. ಅವ್ವ ಕೇಳಿ ಅತ್ತಳು. ಅಪ್ಪ ಕೇಳಿ ಒಳಗೊಳಗೇ ಹೆಮ್ಮೆಪಟ್ಟರೆಂದು ನನ್ನ ಗುಮಾನಿ.

ಮೂರನೆಯದನ್ನು ತಂದವರು ಸವದತ್ತಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನನ್ನ ಸೋದರಮಾವ. ಹುಡುಗ ಕಿತ್ತೂರಿನಲ್ಲಿ ವಿಜ್ಞಾನದ ಮಾಸ್ತರ. ಅವನ ತಂದೆ ರಾಮದುರ್ಗದಲ್ಲಿ ಸರಕಾರಿ ಕಚೇರಿಯೊಂದರ ಹೆಡ್ ಕ್ಲಾರ್ಕು, ಮೂವತ್ತು ವರ್ಷದಿಂದ ಸಾಹೇಬರುಗಳಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದುಕೊಟ್ಟ ಕೈ. ಹೆಣ್ಣು ನೋಡಲು ಬಂದಾಗ ಆ ಹಿರಿಯರು ಹಾಡು ಹೇಳೆನ್ನಲಿಲ್ಲ, ಕಸೂತಿ ಕೇಳಲಿಲ್ಲ. ಕಾಗದ ಕೊಟ್ಟು, ನಿನ್ನ ಊರಿನ ಬಗ್ಗೆ ಇಂಗ್ಲಿಷಿನಲ್ಲಿ ಹತ್ತು ಸಾಲು ಬರೆಯವಾ ಎಂದರು. ಬರೆದೆ. ಕನ್ನಡಕ ಏರಿಸಿ ಓದಿ, “ಡ್ರಾಫ್ಟಿಂಗ್ ಭಾಳ ಛಲೋ ಐತಿ” ಎಂದು ತಲೆದೂಗಿದರು. ಅಪ್ಪನಿಗೂ ಖುಷಿಯಾಯಿತು. ಅವ್ವ ಎರಡನೆಯ ಸಲ ಚಹಾ ತಂದಳು.

ಹಿರಿಯರೆಲ್ಲ ಕೈ ತೊಳೆಯಲು ಹಿತ್ತಲಿಗೆ ಹೋದಾಗ ಹುಡುಗ ನೆಲ ನೋಡುತ್ತಲೇ ನನಗೆ ಒಂದು ಮಾತು ಹೇಳಿದ.

“ನಿಮಗ ಮನಸ್ಸಿಲ್ಲಂದ್ರ ಈಗಽ ಹೇಳ್ರಿ. ನಾನಽ ಬ್ಯಾಡ ಅಂತೇನಿ. ನಿಮ್ಮ ಮ್ಯಾಲೆ ಮಾತು ಬರೂದಿಲ್ಲ.”

ನನ್ನ ಮನಸ್ಸನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ನಕ್ಕೆ. ಆದರೆ ಮದುವೆಯಾದರೆ ಇವನನ್ನೇ ಎಂದು ಅವರು ಚಪ್ಪಲಿ ಮೆಟ್ಟುವುದರೊಳಗೆ ನಿಶ್ಚಯಿಸಿಬಿಟ್ಟಿದ್ದೆ.

ಹದಿನೈದು ದಿನಕ್ಕೆ ರಾಮದುರ್ಗದಿಂದ ಲಕೋಟೆ ಬಂತು. ನಾಲ್ಕೂ ಮೂಲೆಗೆ ಅರಿಶಿನ. ಒಳಗೆ ಎರಡು ಪುಟದ ಇಂಗ್ಲಿಷ್ ಪತ್ರ, ಪಕ್ಕಾ ಕಚೇರಿಯ ಧಾಟಿಯದು: ಮೇಲೆ ‘ಸಬ್ಜೆಕ್ಟ್’, ಅದರ ಕೆಳಗೆ ‘ರೆಫರೆನ್ಸ್’, ಆಮೇಲೆ ಒಂದು, ಎರಡು, ಮೂರು ಎಂದು ಅಂಕಿ ಹಾಕಿದ ಪ್ಯಾರಾ. ನಿಮ್ಮ ಮಗಳು ನಮಗೆ ಒಪ್ಪಿಗೆ, ತಾವು ಮುಂದಿನ ಕ್ರಮ ಕೈಗೊಂಡು ‘ರಿಪ್ಲೈ ಬ್ಯಾಕ್’ ಮಾಡಬೇಕು ಎಂಬುದು ಸಾರಾಂಶ. ಅಂಚೆಯವನು ಅದನ್ನು ಕೊಟ್ಟುಹೋದಾಗ ಅಪ್ಪ ಪಡಸಾಲೆಯಲ್ಲಿ ಪರೀಕ್ಷೆಯ ಪೇಪರಿನ ಕಟ್ಟು ಬಿಚ್ಚಿಕೊಂಡು ಕುಳಿತಿದ್ದರು. ಬೆಳಗಿನಿಂದ ಐವತ್ತು ಅರವತ್ತು ಪೇಪರು ತಿದ್ದಿದ ಕೈ. ಪತ್ರ ಓದಿದರು. ಮುಖ ಅರಳಿದ್ದನ್ನು ನಾನು ಕದದ ಮರೆಯಿಂದ ನೋಡಿದೆ. “ಒಪ್ಪಿಗಿ ಬಂತು ನೋಡ!” ಎಂದು ಅಡುಗೆಮನೆಗೆ ಕೇಳುವಂತೆ ಕೂಗಿದರು. ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದು ಪತ್ರ ಕೈಗೆತ್ತಿಕೊಂಡವಳು ಹಾಗೇ ನಿಂತಳು.

ಪತ್ರದ ತುಂಬ ಕೆಂಪು. ಏಳು ಕಡೆ ಗೀರು, ಏಳು ತಿದ್ದುಪಡಿ. ಕೊನೆಯಲ್ಲಿ ಇಪ್ಪತ್ತಕ್ಕೆ ಹನ್ನೊಂದು. ಅದರಡಿ ಅಪ್ಪನ ಸಣ್ಣ ಸಹಿ, ಆ ದಿನದ ತಾರೀಖು.

“ಅರಿಶಿಣ ಹಚ್ಚಿದ ಕಾಗದಕ್ಕ ಗೀರು ಹೊಡೀತಾರೇನ್ರಿ?” ಅವ್ವ ಪತ್ರವನ್ನು ಅಪ್ಪನ ಮುಂದೆ ಹಿಡಿದಳು.

ಅಪ್ಪ ತಾವೇ ಬೆರಗಾಗಿ ಪತ್ರವನ್ನೂ ಪೆನ್ನನ್ನೂ ನೋಡಿದರು. “ಕೈ ತಾನಽ ಹೋತು” ಎಂದರು. ಸುಳ್ಳಲ್ಲ. ಅವರ ಕೈ ಹೋದದ್ದು ಅವರಿಗೇ ಗೊತ್ತಾಗಿರಲಿಲ್ಲ.

ಗೀರು ಮನೆಯೊಳಗೇ ಉಳಿಯುವಂತಿದ್ದರೆ ಚಿಂತೆಯಿರಲಿಲ್ಲ. ಆದರೆ ನಮ್ಮ ಬಳಗದಲ್ಲಿ ಒಂದು ಪದ್ಧತಿ ಇತ್ತು. ಗಂಡಿನವರು ಕಳಿಸಿದ ಒಪ್ಪಿಗೆಯ ಪತ್ರವನ್ನು, ಮದುವೆ ಗೊತ್ತಾಯಿತೆಂದು ಸಕ್ಕರೆ ಹಂಚುವ ದಿನ, ಹೆಣ್ಣಿನ ತಂದೆ ಎಲೆ ಅಡಿಕೆ, ಕೊಬ್ಬರಿಯ ಜೊತೆಗೆ ತಾಟಿನಲ್ಲಿಟ್ಟು ಹಿರಿಯರ ಮುಂದೆ ಓದಿಸಬೇಕು. ಓದಿದ ಮೇಲೆಯೇ ಸಕ್ಕರೆ. ಯಾವ ಕಾಲದಲ್ಲಿ ಯಾರು ಮಾತು ತಪ್ಪಿದ್ದರೋ, ಆವತ್ತಿನಿಂದ ಬಂದ ಪದ್ಧತಿ. ಸಕ್ಕರೆಯ ದಿನ ಗೊತ್ತಾಗಿದ್ದು ಮುಂದಿನ ಗುರುವಾರ, ಸವದತ್ತಿಯಲ್ಲಿ, ಸೋದರಮಾವನ ಮನೆಯಲ್ಲಿ. ಮಧ್ಯೆ ಇದ್ದದ್ದು ಎಂಟು ದಿನ.

ಆ ಎಂಟು ದಿನ ಮನೆಯಲ್ಲಿ ಯಾರಿಗೂ ಅನ್ನ ಮೈಗೆ ಹತ್ತಲಿಲ್ಲ. ಬೇರೆ ಕಾಗದದಲ್ಲಿ ನಕಲು ಇಳಿಸೋಣವೆಂದರೆ ಕೆಳಗೆ ಹುಡುಗನ ತಂದೆಯ ಸಹಿ ಇತ್ತು. ಗೀರು ಒರೆಸಲು ಬ್ಲೇಡಿನಿಂದ ಕೆರೆದು ನೋಡಿದೆ, ಕಾಗದ ತೂತಾಗುವ ಹಾಗಾಯಿತು. ಪತ್ರ ಮರೆತು ಬಂದೆವು ಎಂದು ಹೇಳಿಬಿಡೋಣ ಎಂದಳು ಅವ್ವ.

“ನಾ ಸುಳ್ಳು ಹೇಳೂದಿಲ್ಲ” ಎಂದರು ಅಪ್ಪ.

“ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರ. ನೀವು ಒಂದು ಸುಳ್ಳಿಗೆ ಇಷ್ಟು ಒದ್ದಾಡಾಕ ಹತ್ತೀರಿ. ನೀವು ಬಾಯಿ ಬಿಡಬ್ಯಾಡ್ರಿ, ನಾನಽ ಹೇಳತೇನಿ.”

ಅವ್ವ ಪತ್ರವನ್ನು ಟ್ರಂಕಿಗೆ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ಅಪ್ಪನೊಂದಿಗೆ ಮಾತು ಬಿಟ್ಟಿದ್ದೆ. ಒಮ್ಮೆ ಮಾತ್ರ, ಚಹಾ ಕೊಡುವಾಗ, ತಡೆಯಲಾರದೆ ಕೇಳಿದೆ: “ಅಪ್ಪಾ, ನನ್ನ ಲಗ್ನ ದೊಡ್ಡದೋ ನಿಮ್ಮ ಗ್ರಾಮರ ದೊಡ್ಡದೋ?” ಚಹಾ ಕುಡಿಯದೆ ಕೆಳಗಿಟ್ಟರು. ಅವರು ಕೆಟ್ಟವರಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಸಿಟ್ಟು ಇನ್ನೂ ಹೆಚ್ಚಾಗಿತ್ತು.

ಗುರುವಾರ ಮೊದಲನೆಯ ಬಸ್ಸಿಗೆ ಹೊರಟೆವು. ಹೊರಡುವ ಗಡಿಬಿಡಿಯಲ್ಲಿ ಅಪ್ಪ ಕೋಟು ತೆಗೆಯಬೇಕೆಂದು ಟ್ರಂಕಿನ ಕೀಲಿ ಕೇಳಿದರು. ತಲೆ ಬಾಚಿಕೊಳ್ಳುತ್ತಿದ್ದ ಅವ್ವ ಕೊಟ್ಟಳು. ದಾರಿಯುದ್ದಕ್ಕೂ ಅಪ್ಪ ಕಿಟಕಿಯ ಹೊರಗೆ ಕರಿ ಎರೆಯ ಹೊಲಗಳನ್ನು ನೋಡುತ್ತ ಕುಳಿತಿದ್ದರು. ಬಲಗೈ ಕೋಟಿನ ಎದೆಯ ಮೇಲಿತ್ತು. ನಾನು ಅದನ್ನು ನೋಡಿದೆ, ಏನೂ ಅನ್ನಿಸಲಿಲ್ಲ.

ಸೋದರಮಾವನ ಮನೆ ಅಂಗಡಿಯ ಮಾಳಿಗೆಯ ಮೇಲಿತ್ತು. ಜಮಖಾನೆ ಹಾಸಿ ಎರಡೂ ಕಡೆಯ ಏಳೆಂಟು ಹಿರಿಯರನ್ನು ಕೂರಿಸಿದ್ದರು. ನಡುವೆ ಹಿತ್ತಾಳೆ ತಾಟು, ಪಕ್ಕದಲ್ಲಿ ಬುಟ್ಟಿ ತುಂಬ ಸಕ್ಕರೆ. ಹುಡುಗ ಗೋಡೆಗೆ ಆತು ಕುಳಿತಿದ್ದ. ನಾನು ಅವ್ವನ ಹಿಂದೆ. ಶರಣು ಶರಣಾರ್ಥಿ ಆಯಿತು, ಮಳೆ ಬೆಳೆ ಆಯಿತು. ಹುಡುಗನ ತಂದೆ, ರಾಮದುರ್ಗದ ಹಿರಿಯರು, ಗಂಟಲು ಸರಿಮಾಡಿಕೊಂಡರು.

“ಇನ್ನ ಪತ್ರ ಇಡ್ರಿ ಮಾಸ್ತರ. ಓದಿಸಿ ಮುಗಸೂಣು.”

“ಗಡಿಬಿಡ್ಯಾಗ ಮನ್ಯಾಗ ಉಳೀತ್ರಿ ಅಣ್ಣಾರ” ಎಂದಳು ಅವ್ವ, ನೆಲ ನೋಡುತ್ತ.

ಹಿರಿಯರ ಹುಬ್ಬು ಏರಿ ಇಳಿಯಿತು. ಅರಿಶಿನದ ಪತ್ರ ಮರೆಯುವವರುಂಟೆ? ಆದರೆ ಮರುಗಳಿಗೆಯೇ ನಕ್ಕರು. “ಇರಲಿ. ಆಫೀಸ್ ಕಾಪಿ ಇಡದಽ ನಾ ಯಾವ ಪತ್ರಾನೂ ಕಳಸಾವಲ್ಲ.” ಚೀಲದಿಂದ ಫೈಲು ತೆಗೆದರು. ಕಾರ್ಬನ್ನಿನ ನೀಲಿ ಅಕ್ಷರದ ಹಾಳೆ ಹೊರಬಂತು. ಅವ್ವನ ಭುಜ ಸಡಿಲವಾದದ್ದು ಹಿಂದೆ ಕುಳಿತ ನನಗೆ ಕಂಡಿತು. ನಾನೂ ಉಸಿರು ಬಿಟ್ಟೆ.

ಅಷ್ಟರಲ್ಲಿ ಅಪ್ಪ ಕೋಟಿನೊಳಗೆ ಕೈ ಹಾಕಿದರು.

“ಪತ್ರ ಉಳಿದಿಲ್ರಿ. ನನ್ನ ಕಡೇನಽ ಐತಿ. ಸುಳ್ಳಿನ ಮ್ಯಾಲೆ ಸಕ್ಕರಿ ಹಂಚೂದು ಬ್ಯಾಡ.” ಮಡಿಕೆ ಬಿಚ್ಚಿ ತಾಟಿನ ಎಲೆಗಳ ಮೇಲೆ ಇಟ್ಟರು. “ತಿದ್ದಬಾರದಾಗಿತ್ತು. ಕೈ ತಪ್ಪಿ ತಿದ್ದೇನಿ. ಕ್ಷಮಾ ಮಾಡ್ರಿ.”

ಅಲ್ಲಿಗೆ ನಿಲ್ಲಿಸಿದ್ದರೆ ದೇವರಂಥ ಮನುಷ್ಯ ಎನ್ನುತ್ತಿದ್ದೆ. ಹಿರಿಯರು ಪತ್ರ ಎತ್ತಿಕೊಂಡು, ಒಂದೊಂದೇ ಗೀರನ್ನು ನೋಡಿ, ಕೊನೆಯ ಅಂಕ ಓದಿದರು. “ಇಪ್ಪತ್ತಕ್ಕ ಹನ್ನೊಂದು. ಪಾಸ್ ಮಾಡೀರಿ, ದೊಡ್ಡ ಉಪಕಾರಾತು” ಎಂದರು. ಯಾರೋ ಕಿಸಕ್ಕೆಂದರು. ಹಿರಿಯರ ಕಿವಿ ಕೆಂಪಾಗಿತ್ತು. “ಮೂವತ್ತು ವರ್ಷ ಸಾಹೇಬರು ನನ್ನ ಡ್ರಾಫ್ಟ್ ಮ್ಯಾಲೆ ಕಣ್ಣು ಮುಚ್ಚಿ ಸಹಿ ಮಾಡ್ಯಾರ. ಒಬ್ಬರರೆ ಗೀರು ಹೊಡದಿಲ್ಲ. ನೀವು ತಪ್ಪಂತೀರಿ?”

“ಕಣ್ಣು ಮುಚ್ಚಿ ಸಹಿ ಮಾಡಿದ್ರ ತಪ್ಪು ಹೆಂಗ ಕಾಣತಾವ್ರಿ?” ಎಂದರು ಅಪ್ಪ.

ಸೋದರಮಾವ ಹಣೆಗೆ ಕೈ ಹಚ್ಚಿಕೊಂಡ. ಆಮೇಲೆ ನಡೆದದ್ದು ಸಕ್ಕರೆಯ ಕಾರ್ಯವಲ್ಲ, ವ್ಯಾಜ್ಯ. ಹಿರಿಯರದು ಒಂದೇ ಹಟ: ಇಂಗ್ಲಿಷ್ ಇರುವುದು ಕೆಲಸ ಆಗುವುದಕ್ಕೆ, ನನ್ನ ಪತ್ರದಿಂದ ಹಳ್ಳಿಗೆ ರಸ್ತೆ ಆಗಿವೆ, ಬಾವಿ ಆಗಿವೆ, ಎಲ್ಲರಿಗೂ ತಿಳಿಯುವ ಮಾತು ತಪ್ಪು ಹೇಗಾಗುತ್ತದೆ? ಅಪ್ಪನದು ಇನ್ನೊಂದು: ತಿಳಿದರೆ ಸಾಕು ಅನ್ನುವುದಾದರೆ ನಾನು ಮಕ್ಕಳಿಗೆ ಕಲಿಸುವುದಾದರೂ ಏನು, ನಾಳೆಯಿಂದ ಸಾಲೆ ಮುಚ್ಚಿಬಿಡಲೇ? ಇಬ್ಬರ ಮಾತಿನಲ್ಲೂ ಹುರುಳಿತ್ತು, ಈಗ ಅನ್ನಿಸುತ್ತದೆ. ಆಗ ಇಬ್ಬರನ್ನೂ ಮಾಳಿಗೆಯಿಂದ ಕೆಳಗೆ ನೂಕಬೇಕು ಅನ್ನಿಸಿತ್ತು. “ಅಪ್ಪಾ, ಇರಲಿ ಬಿಡ್ರಿ” ಎಂದ ಹುಡುಗನಿಗೆ “ನೀ ಸುಮ್ಮಕಿರು” ಎಂದು ಅವನ ತಂದೆ ಗದರಿದರು. ಗಂಡಿನ ಕಡೆಯ ಇಬ್ಬರು ಹಿರಿಯರು ತಲೆಯ ಪಟಗ ಸರಿಮಾಡಿಕೊಳ್ಳತೊಡಗಿದರು. ಏಳುವವರು ಮೊದಲು ಮಾಡುವ ಕೆಲಸ ಅದು.

ಆಗ ರಾಮದುರ್ಗದ ಹಿರಿಯರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

“ಹುಡುಗಿ ಕಲತಾಕಿ. ನೀವಽ ಕಲಿಸೀರಿ. ಆಕಿ ಡ್ರಾಫ್ಟಿಂಗ್ ನಾ ಕಣ್ಣಾರೆ ನೋಡೇನಿ. ಆಕಿನಽ ಹೇಳ್ಲಿ. ಆಕಿ ತಪ್ಪೈತಿ ಅಂದ್ರ ನಾ ಎದ್ದು ಹೋಗತೇನಿ, ಬರೋಬ್ಬರಿ ಐತಿ ಅಂದ್ರ ನೀವು ಸಕ್ಕರಿ ಹಂಚ್ರಿ. ಬಾರವಾ ತಂಗಿ.”

ಅಪ್ಪನ ಮುಖ ನೋಡಿದೆ. ಅದು ಇಂದಿಗೂ ಕಣ್ಣ ಮುಂದಿದೆ. ಅವರು ನಗುತ್ತಿದ್ದರು. ಬೆಳಗಿನಿಂದ ಮೊದಲ ಸಲ ಮೈ ಸಡಿಲಬಿಟ್ಟು ಗೋಡೆಗೆ ಆತು ಕುಳಿತರು. “ಹೇಳವಾ” ಎಂದರು. ಮೂರು ವರ್ಷ ವಾರವಾರ ತಿದ್ದಿ ತಿದ್ದಿ ಬೆಳೆಸಿದ ಮಗಳು. ಅವರಿಗೆ ನನ್ನ ಮೇಲೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಆ ಗಳಿಗೆಯಲ್ಲಿ ಅವರು ನನ್ನ ಮದುವೆಯನ್ನು ಪೂರ್ತಿ ಮರೆತಿದ್ದರು.

ಪತ್ರ ಕೈಗೆ ತೆಗೆದುಕೊಂಡೆ. ನಿಧಾನವಾಗಿ, ಮೊದಲಿನಿಂದ ಕೊನೆಯವರೆಗೆ ಓದಿದೆ. ಏಳೂ ತಪ್ಪೇ. ಅಪ್ಪ ಹೊಡೆದ ಒಂದು ಗೀರೂ ಸುಳ್ಳಾಗಿರಲಿಲ್ಲ. ಗೋಡೆಯ ಕಡೆ ಕಣ್ಣು ಹೋಯಿತು. ಹುಡುಗ ನನ್ನನ್ನು ನೋಡುತ್ತಿರಲಿಲ್ಲ, ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಯಾವ ಒತ್ತಾಯವೂ ಇಲ್ಲದೆ ಕುಳಿತಿದ್ದ. ಅದೇ ನನ್ನನ್ನು ಗೆದ್ದಿತು.

“ತಪ್ಪಿಲ್ರಿ” ಎಂದೆ. “ಎಲ್ಲಾ ಬರೋಬ್ಬರಿ ಐತಿ.”

ಅಪ್ಪ ಗೋಡೆಯಿಂದ ಬೆನ್ನು ತೆಗೆದು ನೆಟ್ಟಗೆ ಕುಳಿತರು. ನಗು ಮುಖದಲ್ಲೇ ಉಳಿದಿತ್ತು, ತೆಗೆಯಲು ಮರೆತವರಂತೆ. ಜೇಬಿನಿಂದ ಇಣುಕುತ್ತಿದ್ದ ಕೆಂಪು ಪೆನ್ನನ್ನು ಮುಟ್ಟಿ ನೋಡಿದರು. “ಹಂಗಾದ್ರ ನಂದಽ ತಪ್ಪು” ಎಂದರು. ‘ನಂದಽ ತಪ್ಪು’ ಎಂಬ ನಾಲ್ಕು ಅಕ್ಷರ ಅವರ ಬಾಯಿಂದ ಯಾರೂ ಕೇಳಿರಲಿಲ್ಲ. ರಾಮದುರ್ಗದ ಹಿರಿಯರು ದೊಡ್ಡ ಮನಸ್ಸಿನವರು, ಎದ್ದುಬಂದು ಬೀಗರನ್ನು ಅಪ್ಪಿಕೊಂಡರು. ಸಕ್ಕರೆ ಹಂಚಿದರು. ಅಪ್ಪ ತಮ್ಮ ಪಾಲನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ನುಂಗದೆ ಕುಳಿತಿದ್ದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವ ನನ್ನ ಕೈ ಹಿಸುಕಿ “ಮನಿ ಉಳಿಸಿದಿ” ಎಂದಳು. ನಾನು ಮುಂದಿನ ಸೀಟಿನಲ್ಲಿದ್ದ ಅಪ್ಪನ ಬೆನ್ನನ್ನೇ ನೋಡುತ್ತಿದ್ದೆ.

ಮದುವೆಯಾಯಿತು. ಕಿತ್ತೂರಿನಲ್ಲಿ ಮನೆ ಸಿಗುವವರೆಗೆ ನಾನು ರಾಮದುರ್ಗದಲ್ಲಿ ಅತ್ತೆ ಮಾವನ ಜೊತೆ ಇದ್ದೆ, ಗಂಡ ಶನಿವಾರಕ್ಕೊಮ್ಮೆ ಬರುತ್ತಿದ್ದರು. ಮನೆಗೆ ಬಂದ ಪ್ರತಿ ಪತ್ರವನ್ನೂ ಮಾವ ತಾವೇ ಒಡೆದು, ಮೂಲೆಯಲ್ಲಿ ಬಂದ ತಾರೀಖು ಬರೆದು, ಆಮೇಲೆ ಕೊಡುತ್ತಿದ್ದರು. ಅವರ ಕೈಗೂ ಅದರದೇ ಚಟ. ಸಂಜೆ ಕಚೇರಿಯ ಡ್ರಾಫ್ಟು ತಂದು “ಬರೋಬ್ಬರಿ ಐತೇನವಾ?” ಎಂದು ನನಗೆ ತೋರಿಸುತ್ತಿದ್ದರು. “ಬರೋಬ್ಬರಿ ಐತ್ರಿ” ಎನ್ನುತ್ತಿದ್ದೆ. ಒಮ್ಮೆ ಹೇಳಿದ್ದನ್ನು ದಿನವೂ ಹೇಳಬೇಕಾಯಿತು.

ಅಪ್ಪನಿಗೆ ಮೊದಲಿನಂತೆ ಇಂಗ್ಲಿಷಿನಲ್ಲಿ ಪತ್ರ ಬರೆದೆ. ಪತ್ರ ತಿರುಗಿ ಬರಲಿಲ್ಲ. ಬಂದದ್ದು ಒಂದು ಕಾರ್ಡು, ಕನ್ನಡದಲ್ಲಿ: ಇತ್ತ ಎಲ್ಲ ಕ್ಷೇಮ, ಅತ್ತ ನಿಮ್ಮ ಕ್ಷೇಮ ತಿಳಿಸುವುದು. ಎರಡನೆಯ ಪತ್ರಕ್ಕೂ ಅದೇ ಕಾರ್ಡು. ಮೂರನೆಯದರಲ್ಲಿ ಬೇಕೆಂದೇ ತಪ್ಪು ಬರೆದೆ, ಎಂಟನೆಯ ಇಯತ್ತೆಯ ಹುಡುಗರೂ ಮಾಡದಂಥವು. ಇದನ್ನು ಕಂಡು ಸುಮ್ಮನಿರುವುದು ಅವರ ಕೈಲಾಗದು ಎಂದುಕೊಂಡೆ. ಮತ್ತೆ ಕ್ಷೇಮದ ಕಾರ್ಡು ಬಂತು. ಅದನ್ನು ಹಿಡಿದುಕೊಂಡು ಅಡುಗೆಮನೆಯಲ್ಲಿ ಕುಳಿತು ಕಣ್ಣೀರಿಟ್ಟೆ. ಹಾಸ್ಟೆಲಿನಲ್ಲಿ ಟ್ರಂಕಿನ ತಳಕ್ಕೆ ಒಗೆದ ಆ ಕೆಂಪು ಗೀರಿನ ಪತ್ರಗಳು ಈಗ ನನಗೆ ಬೇಕಾಗಿದ್ದವು. ಅಪ್ಪ ನನ್ನನ್ನು ಬಿಟ್ಟರು ಎಂದೇ ತಿಳಿದೆ.

ಪಂಚಮಿಗೆ ತವರಿಗೆ ಹೋದೆ. ಉಂಡಿ ಕಟ್ಟಲು ಕುಳಿತಾಗ ಅವ್ವ, ಒಳಗಿನ ಟ್ರಂಕಿನಿಂದ ಹೊಸ ಸೀರೆ ತೆಗೆದುಕೋ ಎಂದಳು. ಸೀರೆಯ ಕೆಳಗೆ ದಾರ ಕಟ್ಟಿದ ಸಣ್ಣ ಕಟ್ಟು. ರಾಮದುರ್ಗದಿಂದ ನಾನು ಬರೆದ ಪತ್ರಗಳು. ಒಂದೂ ಬಿಡದಂತೆ ಕೆಂಪಾಗಿದ್ದವು. ಗೀರು, ಅಂಚಿನ ತಿದ್ದುಪಡಿ, ಅಂಕ, ಸಹಿ, ತಾರೀಖು. ಬಂದ ಬಂದ ದಿನವೇ ತಿದ್ದಿದ್ದರು. ನಾನು ಬೇಕೆಂದೇ ಹಾಳುಮಾಡಿದ ಪತ್ರಕ್ಕೆ ಇಪ್ಪತ್ತಕ್ಕೆ ನಾಲ್ಕು, ಪಕ್ಕದಲ್ಲಿ ‘ಆರೋಗ್ಯ ಸರಿಯಿಲ್ಲವೇ?’ ಎಂದು ಕನ್ನಡದಲ್ಲಿ.

ಕಟ್ಟನ್ನು ಹಿಡಿದುಕೊಂಡು ಪಡಸಾಲೆಗೆ ಬಂದೆ. ಅಪ್ಪ ಕನ್ನಡಕ ಒರೆಸುತ್ತ ಕುಳಿತಿದ್ದರು.

“ಯಾಕ ಕಳಸಲಿಲ್ರಿ ಅಪ್ಪಾ?”

“ಅಲ್ಲೆ ಪತ್ರ ಬೀಗರು ಒಡೀತಾರ” ಎಂದರು.

“ಒಡದ್ರ ಏನಾತು?”

“ನೀ ಹತ್ತು ಮಂದಿ ಮುಂದ ಅವರ ಇಂಗ್ಲಿಷ್ ಬರೋಬ್ಬರಿ ಐತಿ ಅಂದೀದಿ. ನಿನ್ನ ಪತ್ರಾನಽ ನಾ ಕೆಂಪ ಮಾಡಿ ಕಳಸಿದ್ರ, ‘ಈಕಿ ಇನ್ನೂ ಅಪ್ಪನ ಕಡೆನಽ ತಿದ್ದಿಸ್ಕೋತಾಳ, ಹಂಗಾದ್ರ ಅಪ್ಪಂದಽ ಖರೆ’ ಅಂತ ಅವರು ತಮ್ಮ ಪತ್ರ ತಗದು ನೋಡತಾರ. ನಿನ್ನ ಮಾತು ಸುಳ್ಳಂತ ಗೊತ್ತಾಕ್ಕಿತ್ತು.” ಕನ್ನಡಕ ಹಾಕಿಕೊಂಡರು. “ಸೊಸಿ ಸುಳ್ಳಾಡತಾಳ ಅಂತ ಆ ಮನ್ಯಾಗ ಅನಸ್ಕೋಬಾರದು ನೀ.”

ಒಂದು ಸುಳ್ಳಿಗೆ ಎಂಟು ದಿನ ಒದ್ದಾಡಿದ ಮನುಷ್ಯ ನನ್ನ ಸುಳ್ಳನ್ನು ಆರು ತಿಂಗಳಿಂದ ಟ್ರಂಕಿನಲ್ಲಿಟ್ಟು ಕಾಯುತ್ತಿದ್ದರು. ನಾನು ಅವರ ಕಾಲ ಬಳಿ ಕುಳಿತೆ. ತಪ್ಪಾಯಿತು ಎನ್ನಬೇಕೆಂದುಕೊಂಡೆ. ಬಾಯಿಗೆ ಬೇರೆಯೇ ಬಂತು.

“ಏಳಲ್ರಿ ಅಪ್ಪಾ. ಆವತ್ತಿನ ಪತ್ರದಾಗ ಎಂಟಿದ್ದುವು. ಒಂದು ನೀವು ಬಿಟ್ಟಿದ್ರಿ.”

ಅವರು ಚಕ್ಕನೆ ನನ್ನತ್ತ ತಿರುಗಿದರು. “ಎಲ್ಲೆ?”

“ಎರಡನೇ ಪುಟ. ಕಡೀ ಸಾಲು.”

ಅಪ್ಪ ಕಣ್ಣು ಮುಚ್ಚಿದರು. ಪತ್ರ ರಾಮದುರ್ಗದ ಫೈಲಿನಲ್ಲಿತ್ತು, ಆದರೆ ಅದರ ಒಂದೊಂದು ಸಾಲೂ ಅವರಿಗೆ ಬಾಯಿಪಾಠ. ತುಟಿ ಅಲ್ಲಾಡುತ್ತಿದ್ದವು. ಕೊನೆಯ ಸಾಲಿಗೆ ಬಂದು ನಿಂತವು.

“ಹೌದಲ್ಲವಾ” ಎಂದರು. “ಹಂಗಾದ್ರ ಹತ್ತಽ ಕೊಡಬೇಕಾಗಿತ್ತು.”